ಹೊಲಿಗೆ ಕ್ಲಾಸಿಗೊಂದು ಗ್ಯಾಸ್ ಹೀಟರು

ನಾನು ಪುಕ್ಕಲ ಎಂದು ನನ್ನ ಹೆಂಡತಿ ಬೀದಿಯೆಲ್ಲ ಸಾರಿಕೊಂಡು ಬಂದಿದ್ದಾಳೆ. ಅಪ್ಪಟ ಸುಳ್ಳು. ನಾನು ಮುಂಜಾಗ್ರತೆಯ ಮನುಷ್ಯ. (ಬೀಗ ಹಾಕಿದ ಮೇಲೆ ನಾಲ್ಕು ಸಲ ಎಳೆದು ನೋಡುವುದಕ್ಕೆ ಹೆದರಿಕೆ ಅನ್ನುತ್ತಾರೆಯೇ?)

ಅವಳು ನಮ್ಮ ಹಿಂದಿನ ಕೋಣೆಯಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಾಳೆ. ಈ ಸಲದ ಚಳಿಗೆ ಕೈ ಮರಗಟ್ಟಿ, ಸೂಜಿಗೆ ದಾರ ಪೋಣಿಸುವುದರಲ್ಲೇ ಅರ್ಧ ಕ್ಲಾಸು ಮುಗಿಯುತ್ತಿತ್ತು. ಹನ್ನೊಂದು ಹೆಂಗಸರಿದ್ದವರು ಆರಾದರು. ಆ ಆರು ಜನರ ಕಣ್ಣೂ ಪಕ್ಕದ ಬೀದಿಯ ಬೆಚ್ಚನೆಯ ಕ್ಲಾಸಿನ ಮೇಲೆ.

"ಇವತ್ತು ರೂಮು ಬೆಚ್ಚಗಾಗ್ಲಿಲ್ಲ ಅಂದ್ರೆ ನನ್ನ ಕ್ಲಾಸಿಗೆ ಬಾಗಿಲು ಹಾಕ್ದಂಗೇ ರೀ," ಎಂದಳು. ಒಂದೇ ಒಂದು ಹಳೇ ಮಿಷನ್ನಿನಿಂದ ಕ್ಲಾಸು ಕಟ್ಟಿದವಳು.

ಪ್ರೋಪೇನ್ ಗ್ಯಾಸಿನ ಹೀಟರು ತಂದೆವು. ಅಂಗಡಿಯವನು ಜೋಡಿಸುವ ಕ್ರಮ ಹೇಳುತ್ತಿದ್ದಾಗ ನಾನು ಅವನಿಗೆ ಸ್ಫೋಟದ ಬಗ್ಗೆ ಪ್ರಶ್ನೆ ಕೇಳುತ್ತಿದ್ದೆ. ಕ್ರಮ ಕೇಳಿಸಿಕೊಂಡವಳು ಇವಳು.

"ಅಂಗಡಿಯವ್ರೇ ಬಂದು ಜೋಡಿಸ್ತಾರಂತೆ ರೀ."

"ಯಾರದೋ ಕೈಗೆ ನಮ್ಮ ಪ್ರಾಣ ಕೊಡೋದಾ? ನಾನು ಸತ್ತಿದೀನಾ?"

"ಸಾಯ್ಬಾರ್ದು ಅಂತಾನೇ ಹೇಳ್ತಿರೋದು!"

ಸಿಲಿಂಡರನ್ನು ಹೊರಗೆ ನೆಟ್ಟಗೆ ನಿಲ್ಲಿಸಿ ಗೋಡೆಗೆ ಸರಪಳಿ ಬಿಗಿದೆ. ಪೈಪನ್ನು ಗೋಡೆಯ ತೂತಿನಿಂದ ಒಳಗೆ ತಂದೆ. ಬಟ್ಟೆ ತುಂಡುಗಳನ್ನೆಲ್ಲ ದೂರ ಸರಿಸಿ ಕಿಟಕಿ ತೆರೆದೆ. ಆಮೇಲೆ ಆರೂ ಜನರನ್ನು ಸಾಲಾಗಿ ಕೂರಿಸಿ ಸುರಕ್ಷತೆಯ ಮಹಾಪ್ರವಚನ ಆರಂಭಿಸಿದೆ. ಸೋರಿದ ಗ್ಯಾಸು ನೆಲದ ಮೇಲೆ ಹೇಗೆ ಹರಡುತ್ತದೆ, ಒಂದೇ ಕಿಡಿಗೆ ಚಾವಣಿ ಎಲ್ಲಿಗೆ ಹೋಗುತ್ತದೆ...

"ಚಾವಣಿ ಹೋಗುತ್ತಾ?" ದಪ್ಪ ಕನ್ನಡಕದ ಅಜ್ಜಿ ಕತ್ತರಿಯನ್ನು ಚೀಲಕ್ಕೆ ಹಾಕಿಕೊಂಡರು. ಹೆಂಡತಿ ನನ್ನನ್ನು ಸುಡುವಂತೆ ನೋಡಿದಳು.

"ಅದಕ್ಕೇ ಪರೀಕ್ಷೆ ಮಾಡೋದು ಅಜ್ಜಿ!" ಎಂದು ಹೊರಗೋಡಿ, ವಾಲ್ವ್ ತೆರೆದು, ರೆಗ್ಯುಲೇಟರ್ ಕೂಡಿಸಿದ ನಟ್ಟಿಗೆ ಸೋಪಿನ ನೀರು ಬಳಿದೆ. ಗುಳ್ಳೆ! ಅಂದರೆ ಗ್ಯಾಸು ಸೋರುತ್ತಿದೆ. ಸ್ಪ್ಯಾನರಿನಿಂದ ಬಲಕ್ಕೆ ತಿರುಗಿಸಿ ಬಿಗಿದೆ. ಗುಳ್ಳೆ ದೊಡ್ಡದಾಯಿತು. ಇನ್ನಷ್ಟು ಬಿಗಿದೆ. ಬುಸ್ಸೆಂದಿತು!

"ಓಡ್ರೀ! ಓಡ್ರೀ!" ಎಂದು ಕಿರುಚಿದೆ. ಎಲ್ಲರಿಗಿಂತ ಮುಂದೆ ನಾನೇ ಓಡಿದೆ. (ದಾರಿ ತೋರಿಸಲು ಯಾರಾದರೂ ಬೇಕಲ್ಲ?)

ಬೀದಿಯ ತುದಿಯಲ್ಲಿ ತಿರುಗಿ ನೋಡುತ್ತೇನೆ, ಹಿಂದೆ ಯಾರೂ ಇಲ್ಲ. ಅಯ್ಯೋ, ಇವಳು! ಒಂದೇ ಉಸಿರಿಗೆ ವಾಪಸು ಓಡಿ ಬಂದೆ.

ಅವಳು ಸಿಲಿಂಡರಿನ ಪಕ್ಕ ಸ್ಪ್ಯಾನರ್ ಹಿಡಿದು ಕೂತಿದ್ದಳು.

"ಮೊದ್ಲು ವಾಲ್ವ್ ಮುಚ್ಚೋದಲ್ವೇನ್ರೀ? ಈ ನಟ್ಟು ಉಲ್ಟಾ. ಎಡಕ್ಕೆ ತಿರುಗಿಸಿದ್ರೆ ಬಿಗಿ, ಬಲಕ್ಕೆ ತಿರುಗಿಸಿದ್ರೆ ಸಡಿಲ. ಅಂಗಡಿಯವನು ಅಷ್ಟು ಬಡ್ಕೊಂಡ!"

ಚೆನ್ನಾಗಿ ಗಾಳಿಯಾಡಲು ಬಿಟ್ಟು ಅವಳೇ ಮತ್ತೆ ಸೋಪಿನ ನೀರು ಬಳಿದಳು. ಒಂದು ಗುಳ್ಳೆಯೂ ಇಲ್ಲ. ಹೀಟರು ಹೊತ್ತಿ ಕೋಣೆ ಹಿತವಾಗಿ ಬೆಚ್ಚಗಾಯಿತು. ಆರೂ ಜನ ಗುಸುಗುಸು ಮಾತಾಡಿಕೊಂಡರು.

ಅಜ್ಜಿ ಕತ್ತರಿ ಹೊರತೆಗೆದರು. "ಟೀಚರ್, ನಾವು ಎಲ್ಲೂ ಹೋಗಲ್ಲ. ಹೀಟರ್ ಕಂಡ್ರೆ ನಮಗೇನೂ ಭಯ ಇಲ್ಲ. ನಿಮ್ಮ ಯಜಮಾನ್ರನ್ನ ಮಾತ್ರ ಕ್ಲಾಸು ಮುಗಿಯೋವರೆಗೂ ಹೊರಗೆ ಕೂರಿಸಿ."

ಹೆಂಡತಿಯ ಮುಖ ಅರಳಿತು. ನನಗೊಂದು ಸ್ಟೂಲು ಕೊಟ್ಟು ಹಿತ್ತಲಿಗೆ ಕಳಿಸಿ ಬಾಗಿಲು ಹಾಕಿಕೊಂಡಳು. ಹಲ್ಲು ಕಟಕಟಿಸುತ್ತ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಕಿಟಕಿಯಿಂದ ಅವಳ ಕೈ ಹೊರಬಂತು. ಸ್ವೆಟರು ಕೊಡುತ್ತಿದ್ದಾಳೆಂದು ಆಸೆಯಿಂದ ಎದ್ದೆ.

"ರೀ, ನಿಮ್ಮ ಕಿರುಚಾಟ ಕೇಳಿ ಬಿಟ್ಟುಹೋಗಿದ್ದ ಐದೂ ಜನ ಮುಂಬಾಗಿಲಿಂದ ನೋಡೋಕೆ ಬಂದ್ರು. ರೂಮು ಬೆಚ್ಚಗಿದೆ ಅಂತ ಇಲ್ಲೇ ಕೂತ್ಬಿಟ್ರು. ಒಬ್ಬರಿಗೆ ಜಾಗ ಸಾಲ್ತಿಲ್ಲ, ಆ ಸ್ಟೂಲು ಕೊಡಿ."

ಕೊಟ್ಟೆ.