ಅನಧಿಕೃತ ಬಚ್ಚಲು

ನೌಕರಿಯಲ್ಲಿ ಇರುವವರೆಗೆ ಮನುಷ್ಯನಿಗೆ ಒಬ್ಬನೇ ಸಾಹೇಬ. ನಿವೃತ್ತಿಯಾದ ಮರುದಿನದಿಂದ ಊರಿನ ಎಲ್ಲ ಕಚೇರಿಗಳ ಎಲ್ಲ ಸಾಹೇಬರೂ ಅವನ ಪಾಲಿಗೆ ಬರುತ್ತಾರೆ. ನನಗಂತೂ ಹೀಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಏನೂ ಆಗದ ವಾರದಲ್ಲಿ ಚಹಾದಂಗಡಿಯ ಗೆಳೆಯರು "ಯಾಕ್ರಿ ಸರ್, ಮೈಯಾಗ ಆರಾಮಿಲ್ಲೇನು?" ಎಂದು ಕಾಳಜಿಯಿಂದ ಕೇಳುತ್ತಾರೆ. ಈ ವರ್ಷ ಮಾತ್ರ ಅವರಿಗೆ ಕಾಳಜಿ ಮಾಡುವ ಪ್ರಸಂಗ ಬರಲಿಲ್ಲ. ನಮ್ಮ ಬಚ್ಚಲು ಅದನ್ನು ನೋಡಿಕೊಂಡಿತು.

ನಾನು ಚಿಕ್ಕೋಡಿ ಕಡೆಯ ಒಂದು ಊರಿನ ಹೈಸ್ಕೂಲಿನಲ್ಲಿ ಮಾಸ್ತರನಾಗಿದ್ದವನು. ಪೌರನೀತಿಯಲ್ಲಿ 'ಪುರಸಭೆಯ ಕರ್ತವ್ಯಗಳು' ಎಂಬ ಪಾಠವನ್ನು ಎಷ್ಟೋ ತಂಡ ಹುಡುಗರಿಗೆ ಕಲಿಸಿದ್ದೇನೆ. ರಸ್ತೆ, ನೀರು, ದೀಪ, ಚರಂಡಿ. ಬಾಯಿಪಾಠ. ಬಚ್ಚಲು ಒಡೆಯುವುದು ಆ ಪಟ್ಟಿಯಲ್ಲಿ ಇರಲಿಲ್ಲ. ಹೊಸ ಪುಸ್ತಕದಲ್ಲಿ ಸೇರಿಸಿರಬೇಕು.

ನಮ್ಮದು ಹಳೆಯ ಮನೆ. ಬಚ್ಚಲು, ಸಂಡಾಸು ಎರಡೂ ಹಿತ್ತಲಲ್ಲಿ, ಕಡಿದಾದ ಕಲ್ಲು ಮೆಟ್ಟಿಲು ಇಳಿದು ಹೋಗಬೇಕು. ಹೋದ ವರ್ಷ ನಮ್ಮ ಮನೆಯಾಕೆಯ ಮೊಣಕಾಲಿಗೆ ಮಿರಜದಲ್ಲಿ ಆಪರೇಷನ್ ಆಯಿತು. "ಮೆಟ್ಟಿಲು ಹತ್ತಬಾರದು, ಕುಕ್ಕರಗಾಲಲ್ಲಿ ಕೂಡಬಾರದು" ಎಂದು ಡಾಕ್ಟರರು ಹೇಳಿ ಕಳಿಸಿದರು. ಆ ಮಾತನ್ನು ನಮ್ಮ ಮೆಟ್ಟಿಲುಗಳಿಗೆ ಯಾರೂ ಹೇಳಿರಲಿಲ್ಲ. ಆಕೆ ಗೋಡೆ ಹಿಡಿದು ಇಳಿಯುವಾಗ ಹಲ್ಲು ಕಚ್ಚುವ ಸದ್ದು ನನಗೆ ಪಡಸಾಲೆಯಲ್ಲಿ ಕೇಳುತ್ತಿತ್ತು.

ಅಕ್ಕೋಳದ ಗೌಂಡಿಯೊಬ್ಬನನ್ನು ಕರೆಸಿ, ಪಡಸಾಲೆಯ ಪಕ್ಕದ ಸಂದಿಯಲ್ಲಿ, ಮೆಟ್ಟಿಲೇ ಇಲ್ಲದಂತೆ, ಒಂದು ಸಣ್ಣ ಕೋಣೆ ಕಟ್ಟಿಸಿದೆ. ಇಟ್ಟಿಗೆಯ ಗೋಡೆ, ಮೇಲೆ ತಗಡಿನ ಪತ್ರಾಸು, ಒಳಗೆ ಕುರ್ಚಿಯಂತೆ ಕೂಡುವ ಕಮೋಡು. "ಪರವಾನಗಿ ಬೇಕಾಗ್ತೈತೇನೋ?" ಅಂದರೆ ಗೌಂಡಿ ನಕ್ಕ. "ಬಚ್ಚಲಕ್ಕ ಪರವಾನಗಿ ಕೇಳಾಕ ಹೋದ್ರ ಮಂದಿ ನಗ್ತಾರ್ರಿ ಸರ್." ಮೊದಲ ದಿನ ಅಲ್ಲಿಂದ ಹೊರಗೆ ಬಂದು ನಮ್ಮಾಕೆ ಗೋಡೆಯನ್ನು ಸವರಿದಳು. ಅಷ್ಟು ಪ್ರೀತಿಯಿಂದ ಆಕೆ ನನ್ನನ್ನು ಸವರಿದ್ದು ನೆನಪಿಲ್ಲ.

೧. ಅಂಟು

ಒಂದು ಮುಂಜಾನೆ ಪುರಸಭೆಯ ಸಿಪಾಯಿ ಬಂದ. ನನ್ನ ಹಳೆಯ ವಿದ್ಯಾರ್ಥಿ. ಹೊಸ್ತಿಲಲ್ಲೇ ಬಗ್ಗಿ ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ನನ್ನ ಎದೆ ಉಬ್ಬಿತು.

"ಸರ್, ತುಸು ಆ ಕಡೆ ಸರೀರಿ. ಬಾಗಲಕ್ಕ ನೋಟೀಸ ಹಚ್ಚೂದೈತಿ."

"ನಾ ಇಲ್ಲೇ ನಿಂತೇನಲ್ಲೋ, ಕೈಯಾಗ ಕೊಡು."

"ಕೈಯಾಗ ಕೊಟ್ರ ನೀವು ಸಹಿ ಮಾಡಬೇಕ್ರಿ. ಗುರುಗಳ ಕಡೆ ಇಂಥಾದ್ದಕ್ಕ ಸಹಿ ಮಾಡಿಸ್ಕೊಂಡ ಪಾಪ ನನಗ್ಯಾಕ್ರಿ? ಹಚ್ಚಿ ಹೋಗ್ತೇನಿ." ಜೇಬು ತಡಕಿದ. "ಅಂಟ ಐತೇನ್ರಿ ಮನ್ಯಾಗ? ಆಫೀಸಿನ್ಯಾಗ ತೀರೇತಿ."

ಒಳಗಿದ್ದ ನಮ್ಮಾಕೆಗೆ ಕೇಳಿಸಿದ್ದು ಅಂಟು ಬೇಕೆಂಬ ಮಾತು ಮಾತ್ರ. ಮನೆಗಣತಿಯ ಚೀಟಿ ಇರಬೇಕೆಂದುಕೊಂಡು, ಗೋಧಿ ಹಿಟ್ಟು ಕಲಸಿ, ಒಲೆಯ ಮೇಲಿಟ್ಟು, ಬಟ್ಟಲು ತುಂಬ ಬಿಸಿ ಅಂಟು ಮಾಡಿ ತಂದಳು. ಒಲೆಯ ಮೇಲೆ ಏನಿಟ್ಟರೂ ಉಪ್ಪು ಹಾಕುವ ಕೈ, ಇದಕ್ಕೂ ಒಂದು ಚಿಟಿಕೆ ಬಿದ್ದಿತ್ತು. ಸಿಪಾಯಿ ನೋಟೀಸು ಹಚ್ಚಿ ಮೊಬೈಲು ತೆಗೆದ. "ಕಾಕೂ, ನೀವೂ ಬಾಜೂಕ ನಿಂದರ್ರಿ. ಮಾಲಕರ ಎದುರಿಗೆ ಹಚ್ಚೇವಿ ಅಂತ ತೋರಿಸಬೇಕ್ರಿ." ಆಕೆ ಸೆರಗು ಸರಿಮಾಡಿಕೊಂಡು, ಬಟ್ಟಲು ಹಿಡಿದು, ನಗುತ್ತ ನಿಂತಳು.

ಅವನು ಹೋದ ಮೇಲೆ ನಾನು ಓದಿ ಹೇಳಿದೆ. ಪರವಾನಗಿ ಇಲ್ಲದೆ ಸಂದಿಯಲ್ಲಿ ಕಟ್ಟಿದ ಕೋಣೆಯನ್ನು ಒಂದು ವಾರದೊಳಗೆ ನಾವೇ ತೆಗೆಯಬೇಕು, ಇಲ್ಲವಾದರೆ ಅವರು ಒಡೆಯುತ್ತಾರೆ.

ನಮ್ಮಾಕೆ ಖಾಲಿ ಬಟ್ಟಲನ್ನು ನೋಡಿಕೊಂಡಳು. "ಮೊದಲ ಹೇಳಬಾರದ? ಎರಡ ತಂಬಗಿ ನೀರ ಜಾಸ್ತಿ ಹಾಕ್ತಿದ್ದೆ."

೨. ನೋಟೀಸು ಎಲ್ಲಿ?

ಉಪ್ಪಿನ ಸುದ್ದಿ ನಮಗಿಂತ ಮೊದಲು ಪಕ್ಕದ ಮನೆಯ ಎಮ್ಮೆಗೆ ತಿಳಿಯಿತು. ಮರುದಿನ ನಾನು ಚಹಾ ಕುಡಿದು ಹೊರಗೆ ಬರುವಷ್ಟರಲ್ಲಿ ಅದು ಬಾಗಿಲನ್ನು ನೆಕ್ಕಿ ಹೊಳಪಿಗೆ ತಂದಿತ್ತು. ನೋಟೀಸಿನ ಒಂದು ಮೂಲೆ ಉಳಿದಿತ್ತು, ಅದರ ಮೇಲೆ ಅರ್ಧ ಮೊಹರು. ಎಮ್ಮೆಗೂ ಸರ್ಕಾರದ ಶಾಯಿ ರುಚಿಸಿರಲಿಲ್ಲ.

ಉತ್ತರ ಕೊಡಬೇಕೆಂದರೆ ನೋಟೀಸು ಬೇಕು. ಕಚೇರಿಗೆ ಹೋದೆ. ಗುಮಾಸ್ತರು ತಲೆ ಎತ್ತದೆ ಕೈ ಚಾಚಿದರು.

"ನೋಟೀಸ ಕೊಡ್ರಿ."

"ಎಮ್ಮಿ ತಿಂದೈತ್ರಿ."

ಈಗ ತಲೆ ಎತ್ತಿದರು. ಮನೆಪಾಠ ಮಾಡದೆ ಬಂದ ಹುಡುಗರನ್ನು ನಾನು ಆಯುಷ್ಯವಿಡೀ ನೋಡಿದ ನೋಟ ಅದು. ಅದನ್ನು ಎದುರುಗಡೆಯಿಂದ ನೋಡುವ ಯೋಗ ಈಗ ಬಂತು.

"ನಕಲು ಕೊಡ್ರಿ," ಅಂದೆ.

"ನಂಬರ ಹೇಳ್ರಿ."

"ನಂಬರ ನೋಟೀಸಿನ ಮ್ಯಾಲ ಇತ್ರಿ."

"ನೋಟೀಸ ಎಲ್ಲೈತಿ?"

"ಎಮ್ಮಿ ಹೊಟ್ಟ್ಯಾಗ."

ಅವರು ಗಡಿಯಾರ ನೋಡಿದರು. "ಹಂಗಾರ ನಾಳೆ ಬರ್ರಿ."

ನಾಳೆಯಷ್ಟೊತ್ತಿಗೆ ಅದು ತಾನಾಗಿ ಹೊರಗೆ ಬರುತ್ತದೆ ಎಂಬ ಲೆಕ್ಕ ಇತ್ತೋ ಏನೋ. ಅಷ್ಟರಲ್ಲಿ ನನ್ನ ಶಿಷ್ಯ ಸಿಪಾಯಿ ಅಲ್ಲಿಗೆ ಬಂದು, ಮೊಬೈಲಿನ ಫೋಟೋ ತೆಗೆದು ತೋರಿಸಿದ. ಗುಮಾಸ್ತರು ಬೆರಳಿನಿಂದ ಹಿಗ್ಗಿಸಿ ನೋಡಿದರು. ಮೊದಲು ಕಂಡದ್ದು ನಂಬರಲ್ಲ.

"ಯಾರ್ರಿ ಇವ್ರು, ಬಟ್ಟಲ ಹಿಡಕೊಂಡು?"

"ನಮ್ಮ ಮನಿಯಾಕಿ."

"ಇಷ್ಟ ಖುಷೀಲೆ ನಿಂತಾರಲ್ರಿ. ಅವರ ಒಪ್ಪಿಗಿ ಐತಂದ ಮ್ಯಾಲ ನಿಮ್ಮದೇನ ತಕರಾರು?"

೩. ಸಮಾಧಾನ ಹೇಳಲು ಬಂದವರು

ಮೂರು ದಿನ ಓಣಿಯೆಲ್ಲ ನಮ್ಮ ಮನೆಗೆ ಬಂದಿತು. ಬಂದವರು "ಹಿಂಗ ಆಗಬಾರದಿತ್ತು" ಅನ್ನುವುದು, ಚಹಾ ಕುಡಿಯುವುದು, "ಯಾವುದ್ರಿ ಅದು, ತೋರ್ಸ್ರಿ" ಅನ್ನುವುದು. ತೋರಿಸಿದರೆ "ಒಡ್ಯೂದ್ರಾಗ ಒಮ್ಮೆ ನೋಡ್ತೇನಿ" ಎಂದು ಒಳಗೆ ಹೋಗಿ ಅಗಳಿ ಹಾಕಿಕೊಳ್ಳುವುದು. ನಮ್ಮಾಕೆ ತನ್ನ ಬಚ್ಚಲಿನ ಮುಂದೆ ತಾನೇ ಸರದಿಯಲ್ಲಿ ನಿಂತಳು.

ಕೊನೆಗೆ ಬಂದವನು ಪಕ್ಕದ ಮನೆಯವನು, ಎಮ್ಮೆಯ ಮಾಲೀಕ. ಚಹಾದ ಕಪ್ಪು ಕೆಳಗಿಟ್ಟು ನೇರವಾಗಿ ಹೇಳಿದ. "ನಿಮ್ಮ ಮ್ಯಾಲ ಅರ್ಜಿ ಕೊಟ್ಟಾಂವ ನಾನ ನೋಡ್ರಿ, ಗುರುಗಳ."

ಅವನಿಗೆ ಇನ್ನೊಂದು ಕಪ್ಪು ಬಗ್ಗಿಸಲು ಎತ್ತಿದ ಕಿಟ್ಲಿಯನ್ನು ನಾನು ಕೆಳಗಿಟ್ಟೆ.

"ನಮ್ಮ ಎಮ್ಮಿ ಕರು ಇದ್ದಾಗಿಂದ ಆ ಸಂದ್ಯಾಗ ಹಾದು ನಮ್ಮ ಹಿತ್ತಲದ ಬಣವಿಗೆ ಹೋಗ್ತಿತ್ತು. ನೀವು ಅಡ್ಡ ಬಚ್ಚಲಾ ಕಟ್ಟಿದ್ರಿ. ಈಗ ಓಣಿ ಸುತ್ತು ಹೊಡದು ಹೋಗಬೇಕು. ಮನಸಿಗೆ ಹಚ್ಕೊಂಡೈತಿ. ಹಾಲ ಕಮ್ಮಿ ಮಾಡೇತಿ."

"ನನಗ ಬಂದು ಒಂದ ಮಾತ ಹೇಳಬೇಕಿತ್ತಲ್ಲೋ."

"ನಿಮ್ಮ ಮಾರಿ ನೋಡಿ ಹೆಂಗ ಹೇಳ್ಲಿರಿ? ದೊಡ್ಡ ಮನುಷ್ಯಾರು, ಸಂಕೋಚ ಆತು. ಅದಕ್ಕ ಪುರಸಭೆಗೆ ಹೇಳಿದೆ."

ನನಗೆ ಊರಿನಲ್ಲಿ ಇರುವ ಗೌರವ ಇಂಥದ್ದು. ಎದುರಿಗೆ ಯಾರೂ ನೋಯಿಸುವುದಿಲ್ಲ. ಕಾಲು ಮುಟ್ಟಿ ನೋಟೀಸು ಹಚ್ಚುತ್ತಾರೆ, ಸಂಕೋಚಪಟ್ಟು ಅರ್ಜಿ ಕೊಡುತ್ತಾರೆ. ನಾನು ಇದನ್ನೆಲ್ಲ ನುಂಗುತ್ತ ಕೂತಿದ್ದಾಗ ಅವನು ಎದ್ದು, ನಮ್ಮ ಬಚ್ಚಲಿಗೆ ಹೋಗಿ, ಸಾವಕಾಶ ಹೊರಗೆ ಬಂದು ನಮ್ಮಾಕೆಗೆ ಹೇಳಿದ.

"ವೈನಿ, ನೀರ ಛಲೋ ಬರ್ತೈತ್ರಿ."

೪. ಮೊಣಕಾಲಿಗೆ ಕಲಮು

ವಾರ ಮುಗಿಯುವ ಮುನ್ನಾದಿನ ಪುರಸಭೆಯ ಇಂಜಿನಿಯರ್ ಅಳತೆಗೆ ಬಂದ. ಅವನೂ ನನ್ನ ವಿದ್ಯಾರ್ಥಿಯೇ, ಮೊದಲ ಬೆಂಚು. ಟೇಪಿನ ಒಂದು ತುದಿ ನನ್ನ ಕೈಗೇ ಕೊಟ್ಟು ಹಿಡಿದುಕೊಳ್ಳಲು ಹೇಳಿದ. ಹಿಡಿದೆ.

"ಸರ್, ಕಾನೂನಿನ ಮುಂದ ಎಲ್ಲಾರೂ ಒಂದ ಅಂತ ನೀವ ಕಲಿಸಿದ್ರಿ," ಅಂದ. ನಾನು ಕಲಿಸಿದ್ದನ್ನು ನೆನಪಿಟ್ಟುಕೊಂಡವನು ಇಡೀ ಊರಿನಲ್ಲಿ ಇವನೊಬ್ಬ. ಅದೂ ಈ ದಿನಕ್ಕೆ.

ನಮ್ಮಾಕೆ ಸೀರೆಯನ್ನು ಒಂದಿಷ್ಟು ಮೇಲಕ್ಕೆ ಹಿಡಿದು ಮೊಣಕಾಲಿನ ಹೊಲಿಗೆ ತೋರಿಸಿದಳು. "ನಾ ಮತ್ತ ಆ ಮೆಟ್ಟಲ ಇಳ್ಯಾಂಗಿಲ್ಲಪಾ. ಬಿದ್ನೆಂದ್ರ ಹೋದೆ. ಇದಕ್ಕೇನರ ಕಲಮ್ ಐತೇನು ನಿಮ್ಮ ಕಾನೂನ ಪುಸ್ತಕದಾಗ?"

ಹುಡುಗ ಕೆಟ್ಟವನಲ್ಲ. ಪತ್ರಾಸು ನೋಡಿದ, ಗೋಡೆ ನೋಡಿದ, ತುಸು ಹೊತ್ತು ತಲೆ ಕೆರೆದುಕೊಂಡ.

"ಮೊಣಕಾಲಿಗೆ ಇಲ್ರಿ ಕಾಕೂ. ದನಕ್ಕ ಐತ್ರಿ."

"ಅಂದ್ರ?"

"ಬಚ್ಚಲಾ ಅಂದ್ರ ಪಕ್ಕಾ ಕಟ್ಟಡ, ಒಡೀಬೇಕು. ಮ್ಯಾಲ ಪತ್ರಾಸ ಇದ್ದ ದನದ ಕೊಟ್ಟಿಗಿ ಅಂದ್ರ ತಾತ್ಕಾಲಿಕ, ಬಿಡಾಕ ಬರ್ತೈತಿ. ಎಮ್ಮಿ ಕಟ್ಟಿದ್ದು ಒಂದ ಫೋಟೋ ಕೊಡ್ರಿ, ನಾ ಬರೀತೇನಿ."

"ಒಳಗ ಕಮೋಡ್ ಐತಲ್ಲೋ?" ಅಂದೆ ನಾನು.

"ಎಮ್ಮಿ ಏನ ತಕರಾರು ಮಾಡಂಗಿಲ್ರಿ ಸರ್."

ಅವನು ಟೇಪು ಸುತ್ತಿಕೊಂಡು ಹೋದ. ನಮ್ಮಾಕೆ ಸೀರೆ ಇಳಿಬಿಟ್ಟುಕೊಂಡು ಹೇಳಿದಳು. "ತಪ್ಪು ನನ್ನದ ಬಿಡ್ರಿ. ಇನ್ನೆರಡ ಕಾಲು ಹಚ್ಚಿಸ್ಕೊಂಡಿದ್ರ ಮೊದಲ ಪರವಾನಗಿ ಸಿಗ್ತಿತ್ತು."

೫. ಕೊಟ್ಟಿಗೆಯ ಒಡತಿ

ಊರಿನಲ್ಲಿ ಎಮ್ಮೆ ಎಷ್ಟೋ ಇದ್ದವು, ಆದರೆ ನಮ್ಮ ಬಾಗಿಲಿಗೆ ಬಂದು ನಿಲ್ಲುವ ಎಮ್ಮೆ ಒಂದೇ. ನಮ್ಮ ಮೇಲೆ ಅರ್ಜಿ ಕೊಟ್ಟವನ ಮನೆಗೇ ಹೋಗಿ, ಅವನ ಎಮ್ಮೆಯನ್ನು ಕಡ ಕೇಳಿದೆ. ಅವನಿಗೆ ಹಿಡಿಸಲಾರದಷ್ಟು ಸಂತೋಷ. ಅದರ ಮೈ ತೊಳೆದು, ಕೋಡಿಗೆ ಎಣ್ಣೆ ಹಚ್ಚಿ, ಕೊರಳಿಗೆ ಹೊಸ ಹಗ್ಗ ಹಾಕಿ, ಮದುಮಗಳನ್ನು ಕರೆತಂದಂತೆ ತಂದ.

ಎಮ್ಮೆಗೆ ತನ್ನ ಹಳೆಯ ದಾರಿ ತೆರೆದಂತೆ ಕಂಡಿತು. ಯಾರೂ ಹೇಳುವ ಮೊದಲೇ ಬಚ್ಚಲಿಗೆ ನುಗ್ಗಿತು. ಅರ್ಧ ಮೈ ಒಳಗೆ, ಅರ್ಧ ಹೊರಗೆ. ಒಳಗಿದ್ದ ಬಕೆಟ್ಟಿನ ನೀರನ್ನೆಲ್ಲ ಕುಡಿದು ಅಲ್ಲೇ ನಿಂತಿತು. ಫೋಟೋ ತೆಗೆಯಲು ಬಂದ ಸಿಪಾಯಿಗೆ ಪೇಚಾಯಿತು.

"ಸರ್, ಬಾಲ ಅಷ್ಟ ಬರಾಕತ್ತೈತಿ. ಸಾಹೇಬರು ಮಾರಿ ಕಾಣಬೇಕಂದಾರ."

ನಾಲ್ಕು ಮಂದಿ ಜಗ್ಗಿದರೂ ಅದು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ನಮ್ಮಾಕೆ ಕುಂಟುತ್ತ ಅಡುಗೆಮನೆಗೆ ಹೋಗಿ, ಗೋಧಿ ಹಿಟ್ಟಿಗೆ ಉಪ್ಪು ಹಾಕಿ ಉಂಡೆ ಮಾಡಿ ತಂದು ಬಾಲದ ಹತ್ತಿರ ಹಿಡಿದಳು. ವಾಸನೆಗೆ ಅದು ತಿರುಗಿತು. ಫೋಟೋ ಬಂತು. ಈ ಸಲ ನಗುತ್ತಿದ್ದದ್ದು ಎಮ್ಮೆ ಒಂದೇ.

ಕೆಲವು ದಿನಗಳ ಮೇಲೆ ಕಾಗದ ಬಂತು. ನೋಟೀಸು ರದ್ದು. ಪತ್ರಾಸಿನ ಕೊಟ್ಟಿಗೆ, ಎಮ್ಮೆ ಒಂದು. ಕೋಣೆ ಉಳಿಯಿತು, ನಮ್ಮಾಕೆಯ ಕಾಲೂ ಉಳಿಯಿತು. ಸರ್ಕಾರದ ಲೆಕ್ಕದಲ್ಲಿ ಈಗ ನಮ್ಮ ಮನೆಯಲ್ಲಿ ನಾನು, ಆಕೆ ಮತ್ತು ಎಮ್ಮೆ ಇದ್ದೇವೆ. ಮೂವರಲ್ಲಿ ಬಚ್ಚಲಿನ ಮೇಲೆ ಹಕ್ಕಿರುವುದು ಮೂರನೆಯವಳಿಗೆ ಮಾತ್ರ.

ಅದು ಎಮ್ಮೆಗೂ ಗೊತ್ತಾದಂತಿದೆ. ದಿನಾ ಸಂಜೆ ಮೇಯ್ದು ಬಂದವಳು ತನ್ನ ಮನೆಗೆ ಹೋಗುವುದಿಲ್ಲ, ಸೀದಾ ಬಂದು ನಮ್ಮ ಬಚ್ಚಲಿನ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ಹೋದ ವಾರ ಹಾಗೆ ನಿಂತಾಗ ನಮ್ಮಾಕೆ ಒಳಗಿದ್ದಳು. ಬಾಗಿಲು ಹೊರಗೆ ತೆರೆಯುವುದು. ಎಮ್ಮೆ ಅದಕ್ಕೆ ಒರಗಿಕೊಂಡಿದೆ. ನಾನು ನೂಕಿದೆ, ಬೈದೆ. ಕೊನೆಗೆ ಪಕ್ಕದ ಮನೆಯವನನ್ನು ಕೂಗಿದೆ. ಅವನು ಕೈಕಟ್ಟಿ ನಿಂತು ನೋಡಿದ.

"ಹೊಡ್ಯಾಕ ನನಗ ಮನಸಾಗವಲ್ದು, ಗುರುಗಳ. ಕಾಗದದಾಗ ಈ ಜಾಗಾ ಅದರದ ಐತಿ." ಆಮೇಲೆ ಬಾಗಿಲಿನತ್ತ ಬಾಗಿ, ಬಹಳ ಸಂಕೋಚದಿಂದ ಹೇಳಿದ. "ವೈನಿ, ಸಿಟ್ಟಾಗಬ್ಯಾಡ್ರಿ. ಹಂಗ ನೋಡಿದ್ರ ಒಳಗ ಅತಿಕ್ರಮಣ ಮಾಡಿ ಕುಂತವ್ರು ನೀವ ಆಗ್ತೀರಿ."

ಒಳಗಿನಿಂದ ನಮ್ಮಾಕೆಯ ದನಿ ಬಂತು.

"ಹೌದೇನು? ಹಂಗಾರ ನೋಟೀಸ ತಂದು ಹಚ್ಚಂತ ಹೇಳಪಾ ನಿನ್ನ ಎಮ್ಮೀಗೆ. ಅಂಟ ಮಾತ್ರ ಈ ಸಲ ನಾ ಮಾಡಿ ಕೊಡಂಗಿಲ್ಲ."