ಡುವೇನನ ಪಿಕಪ್ಪಿಗೆ ಅಗ್ಗದ ಎತ್ತರ

ಡುವೇನ್: ಆರು ಇಂಚು. ಅದಕ್ಕಿಂತ ಒಂದು ಕೂದಲೆಳೆ ಕಮ್ಮಿ ಆದ್ರೂ ನಂಗೆ ಬೇಡ.

ಲವಾನ್: ಆರೇ ಯಾಕೆ, ಅರವತ್ತು ಮಾಡಿಸು. ಗಾಡಿ ಕೆಳಗೇ ಡೇರೆ ಹಾಕ್ಕೊಂಡು ಮಲಗ್ಬಹುದು.

ಡುವೇನ್: ನೋಡ್ದ್ಯಾ ಗಾರ್ಥ್? ಮನೆಯಿಂದ ಇಲ್ಲಿವರೆಗೂ ಇದೇ ರಾಗ.

ಗಾರ್ಥ್ ಅಂದರೆ ನಾನು. ಐಡಹೊದ ಈ ಬೆಟ್ಟದೂರಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಗಾಡಿ ರಿಪೇರಿ ಮಾಡುತ್ತಿದ್ದೇನೆ. ನನ್ನ ಅಂಗಡಿಗೆ ಗಾಡಿಗಳಿಗಿಂತ ಸಂಸಾರಗಳೇ ಹೆಚ್ಚು ಕೆಟ್ಟು ಬರುತ್ತವೆ. ಗಾಡಿಗಾದರೆ ಬಿಡಿಭಾಗವಾದರೂ ಸಿಗುತ್ತದೆ. ಡುವೇನ್ ನನ್ನ ಜೊತೆ ಶಾಲೆಯಲ್ಲಿ ಓದಿದವನು. ಓದಿದ ಅನ್ನುವುದು ಮರ್ಯಾದೆಗೆ ಹೇಳುವ ಮಾತು. ಲವಾನ್ ಅವನ ಹೆಂಡತಿ. ಬೆಳಿಗ್ಗೆ ಹತ್ತಕ್ಕೆ ಇಬ್ಬರೂ ತಮ್ಮ ಹಳೇ ಪಿಕಪ್ಪನ್ನು ನನ್ನ ಬಾಗಿಲಿಗೆ ಅಡ್ಡ ನಿಲ್ಲಿಸಿ, ಇಳಿಯುವ ಮೊದಲೇ ಶುರು ಮಾಡಿದ್ದರು. ಗಾಡಿಯ ಮೂತಿ ಆಕಾಶ ನೋಡುತ್ತಿತ್ತು, ಹಿಂಭಾಗ ಕುಕ್ಕರಗಾಲಲ್ಲಿ ಕೂತಿತ್ತು.

ನಾನು: ಇರ್ರಪ್ಪಾ. ಗಾಡಿ ಎತ್ತರ ಮಾಡಿಸ್ಬೇಕು ಅಂತ ಯಾಕೆ ಹೊರಟ್ರಿ, ಮೊದ್ಲು ಅದನ್ನ ಹೇಳಿ.

ಲವಾನ್: ನಾನ್ ಹೇಳ್ತೀನಿ. ಹೋದ ಆಗಸ್ಟಲ್ಲಿ ಟಿನ್‌ಕಪ್ ಕೆರೆಗೆ ಹೊರಟ್ವಿ, ಹಕಲ್‌ಬೆರಿ ಹಣ್ಣು ಕೀಳೋಕೆ. ನಮ್ಮಮ್ಮ ನಂಗೊಬ್ಬಳಿಗೇ ತೋರಿಸಿದ್ದ ಜಾಗ. ಇನ್ನೆರಡು ಮೈಲಿ ಇದೆ ಅನ್ನೋವಾಗ ದಾರಿ ಮಧ್ಯದ ಬಂಡೆಗೆ ಗಾಡಿ ಹಿಂಭಾಗ ತಗುಲ್ತು. ಸೈಲೆನ್ಸರ್ ಕಿತ್ಕೊಂಡು ಬಂತು. ಖಾಲಿ ಬಕೆಟ್ ತೊಡೆ ಮೇಲಿಟ್ಕೊಂಡು ವಾಪಸ್ ಬಂದೆ.

ಡುವೇನ್: ಬಂಡೆ ಬೆಳೆದಿತ್ತು ಕಣೋ.

ಲವಾನ್: ಹೌದು, ಅದು ವಯಸ್ಸಿಗೆ ಬಂದಿದೆ. ಕೇಳು ಗಾರ್ಥ್, ಈ ಸಲವೂ ಅಲ್ಲೇ ತಿರುಗಿಸ್ಕೊಂಡು ಬರೋ ಹಾಗಾದ್ರೆ, ಮುಂದಿನ ವರ್ಷದಿಂದ ನಾನು ನನ್ನ ತಂಗಿ ನಡೀನ್ ಜೊತೆ, ಅವಳ ಮೋಟಾರು ಮನೇಲಿ. ಬಸ್ಸಿನಷ್ಟು ಉದ್ದ ಇದೆ. ಎ.ಸಿ. ಇದೆ. ಕಕ್ಕಸು ಇದೆ.

ಡುವೇನ್: ಅದಕ್ಕೆ ಕ್ಯಾಂಪಿಂಗ್ ಅನ್ನಲ್ಲ.

ಲವಾನ್: ಸರಿ ಬಿಡು, ಸಲಿಕೆ ಹಿಡ್ಕೊಂಡು ಪೊದೆ ಹಿಂದೆ ಹೋಗೋದಕ್ಕೇ ಕ್ಯಾಂಪಿಂಗ್ ಅಂತಾರೆ.

ಅವಳು ತಮಾಷೆಗೆ ಹೇಳಿರಲಿಲ್ಲ. ಡುವೇನನ ಮುಖ ಇಳಿದುಹೋಯಿತು. ಮೂವತ್ತೊಂದು ಬೇಸಿಗೆ ಆ ಹೆಂಗಸಿನ ಪಕ್ಕದಲ್ಲಿ ಮಲಗಿ, ಅವಳ ಬೈಗುಳ ಕೇಳುತ್ತ ನಿದ್ದೆ ಹೋದವನು ಅವನು. ಇನ್ನು ಮೇಲೆ ಒಬ್ಬನೇ ಹೋಗಬೇಕಾದೀತು ಅಂತ ನಿಜವಾಗಿಯೂ ಹೆದರಿದ್ದ. ಆರು ಇಂಚಿನ ಹಟ ಹುಟ್ಟಿದ್ದು ಅಲ್ಲಿಂದ. ಪಾಪ ಅನ್ನಿಸಿತು, ಆದರೆ ಅಂಗಡಿಯಲ್ಲಿ ನಾನು ಪಾಪ ಅನ್ನಲು ಹೋಗುವುದಿಲ್ಲ.

ನಾನು: ಆರು ಇಂಚಿಗೆ ಎತ್ತರಿಸೋ ಪೂರ್ತಿ ಸೆಟ್ ಹಾಕ್ಬೇಕು. ಅದರ ದುಡ್ಡಲ್ಲಿ ಇಂಥ ಇನ್ನೊಂದು ಗಾಡಿ ಬರುತ್ತೆ.

ಡುವೇನ್: ಅಗ್ಗದ್ದು ಹೇಳೋ.

ನಾನು: ಹಿಂದಿನ ಸ್ಪ್ರಿಂಗಿನ ಕಮಾನು ಪಟ್ಟೆ ಕೆಳಗೆ ಕಬ್ಬಿಣದ ದಿಮ್ಮಿ ಕೊಡ್ಬಹುದು, ಎರಡು ಇಂಚು ಏಳುತ್ತೆ. ಇಲ್ಲಾಂದ್ರೆ ಇನ್ನೊಂದು ಪಟ್ಟೆ ಸೇರಿಸ್ಬಹುದು. ಭಾರ ತಡೆಯುತ್ತೆ, ಆದ್ರೆ ಖಾಲಿ ಗಾಡಿ ಓಡಿಸುವಾಗ ಹಲ್ಲು ಅಲ್ಲಾಡುತ್ತೆ.

ಲವಾನ್: ಇವನ ಹಲ್ಲು ಅಲ್ಲಾಡ್ತಾನೇ ಇದೆ. ಅದನ್ನೇ ಹಾಕು.

ಡುವೇನ್: ಇಂಟರ್ನೆಟ್ಟಲ್ಲಿ ಒಬ್ಬ ಹೇಳಿದ್ದಾನೆ, ಹಾಕಿದ್ರೆ ಪೂರ್ತಿ ಆರು ಇಂಚಿನ ಸೆಟ್ಟೇ ಹಾಕ್ಬೇಕಂತೆ. ಅರೆಬರೆ ಮಾಡ್ಬಾರದಂತೆ.

ನಾನು: ಯಾರಪ್ಪ ಅವನು?

ಡುವೇನ್: ಹೆಸರು ಗೊತ್ತಿಲ್ಲ. ‘ಕೆಸರು ನಾಯಿ ಎಪ್ಪತ್ತೇಳು’ ಅಂತ ಬರ್ಕೊಂಡಿದ್ದಾನೆ.

ಲವಾನ್: ನಾಯಿ ಮಾತು ಕೇಳ್ತಾನೆ ಗಾರ್ಥ್. ಅದೂ ಎಪ್ಪತ್ತೇಳನೇ ನಾಯಿ. ನನ್ನ ಸರದಿ ಯಾವಾಗ ಬರುತ್ತೋ!

ಡುವೇನ್: ಅವನ ಗಾಡಿ ಫೋಟೋ ನೋಡಿದ್ರೆ ನೀನು ಹೀಗನ್ನಲ್ಲ.

ಲವಾನ್: ನೋಡಿದೀನಿ. ಪಕ್ಕದಲ್ಲಿ ಹೆಂಡ್ತಿ ಇರಲಿಲ್ಲ. ಹತ್ತೋಕೆ ಆಗಿರಲ್ಲ, ಕೆಳಗೇ ಬಿಟ್ಟು ಹೋಗಿರ್ತಾನೆ.

ನಾನು: ಡುವೇನ್, ನಿಮ್ಮ ಗರಾಜು ಬಾಗಿಲು ಎಷ್ಟೆತ್ತರ?

ಡುವೇನ್: ಏಳಡಿ.

ನಾನು: ಆರು ಇಂಚು ಎತ್ತಿದ್ರೆ ಗಾಡಿ ಒಳಗೆ ಹೋಗಲ್ಲ.

ಡುವೇನ್: ಬಾಗಿಲು ಕತ್ತರಿಸ್ತೀನಿ.

ಲವಾನ್: ಕೇಳಿಸ್ಕೊಂಡ್ಯಾ? ಬಂಡೆ ದಾಟೋಕೆ ಮನೆ ಒಡೆಯೋನು ಇವನೊಬ್ಬನೇ.

ಇನ್ನು ಬಿಟ್ಟರೆ ಮಧ್ಯಾಹ್ನವಾಗುತ್ತದೆ ಅಂತ ನಾನು ಟೇಪು ಹಿಡಿದು ಗಾಡಿಯ ಸುತ್ತ ಹೋದೆ. ಮುಂದೆ ಅಳೆದೆ, ಹಿಂದೆ ಅಳೆದೆ, ನಂಬಿಕೆ ಬರದೆ ಮತ್ತೆ ಅಳೆದೆ. ಹಿಂದೆ ಮೂರು ಇಂಚು ತಗ್ಗು.

ನಾನು: ಕ್ಯಾಂಪಿಂಗ್ ಸಾಮಾನೆಲ್ಲ ತುಂಬ್ಕೊಂಡೇ ಬಂದಿದ್ದೀರಾ?

ಡುವೇನ್: ಏನೂ ಇಲ್ಲ. ಖಾಲಿ. ಹಿಂದೆ ಮಲಗೋಕೆ ನಾನು ಕಟ್ಟಿದ ಮಂಚ ಒಂದಿದೆ, ಅಷ್ಟೆ. ನೋಡು, ಪ್ಲೈವುಡ್ಡು, ನಲವತ್ತಾರು ಸ್ಕ್ರೂ. ಭೂಕಂಪ ಆದ್ರೂ ಅಲ್ಲಾಡಲ್ಲ.

ಲವಾನ್: ಮೆತ್ತಗೂ ಆಗಲ್ಲ.

ನಾನು: ಖಾಲಿ ಗಾಡಿ ಹೀಗೆ ಕೂತಿದೆ ಅಂದ್ರೆ ಕಮಾನು ಸತ್ತೋಗಿದೆ ಕಣೋ.

ಡುವೇನ್: ಸತ್ತೋಗಿದ್ಯಾ? ಹುಲಿ ಕಣೋ ನನ್ನ ಗಾಡಿ! ಈ ಚಳಿಗಾಲ ಮರಳು ಮೂಟೆ ಇಲ್ದೇನೇ ಓಡಿಸಿದೀನಿ. ಒಂದೇ ಒಂದು ಸಲ ಜಾರಿದ್ರೆ ಕೇಳು. ಎಲ್ಲ ಕೈಚಳಕ.

ನಮ್ಮ ಕಡೆ ಹಿಮ ಬೀಳುವ ಮೊದಲು ಪಿಕಪ್ಪಿನ ಹಿಂದಿನ ಚಕ್ರಗಳ ಮೇಲೆ ಬರುವ ಹಾಗೆ ಮರಳು ಮೂಟೆ ಹೇರುತ್ತೇವೆ. ಭಾರವಿದ್ದರೆ ಚಕ್ರ ಜಾರುವುದಿಲ್ಲ. ಹಿಮ ಕರಗಿದ ಮೇಲೆ ಇಳಿಸುತ್ತೇವೆ. ಮೂಟೆ ಹಾಕದೆ ಒಂದು ಚಳಿಗಾಲ ಕಳೆದವನನ್ನು ನಾನು ಅದುವರೆಗೆ ನೋಡಿರಲಿಲ್ಲ.

ನಾನು: ಅದರ ಹಿಂದಿನ ಚಳಿಗಾಲ ಹಾಕಿದ್ಯಾ?

ಡುವೇನ್: ಹಾಕಿದ್ದೆ. ಎಂಟು ಮೂಟೆ. ಒಂದೊಂದು ಅರವತ್ತು ಪೌಂಡು.

ನಾನು: ಇಳಿಸಿದ್ದು ಯಾವಾಗ?

ಡುವೇನ್: ಯಾವಾಗಲೂ ಇಳಿಸೋದು ಏಪ್ರಿಲಲ್ಲಿ.

ಲವಾನ್: ಡುವೇನ್, ಈ ಮಂಚ ಕಟ್ಟಿದ್ದು ಯಾವಾಗ?

ಡುವೇನ್: ಅದೇ ವರ್ಷ ಫೆಬ್ರವ...

ಅಲ್ಲಿಗೆ ನಿಂತ. ಅವನ ಬಾಯಿ ಮುಚ್ಚಲು ಮರೆತಿತ್ತು. ಲವಾನ್ ನಿಧಾನವಾಗಿ ಕೈಚೀಲ ಕೆಳಗಿಟ್ಟಳು.

ಲವಾನ್: ಮೂಟೆಗಳ ಸುತ್ತ ಮಂಚ ಕಟ್ಟಿದ್ಯಾ?

ಡುವೇನ್: ಆಮೇಲೆ ತೆಗೆದ್ರಾಯ್ತು ಅಂದ್ಕೊಂಡಿದ್ದೆ. ಚಳಿ ಇತ್ತು ಕಣೇ.

ಲವಾನ್: ನಲವತ್ತಾರು ಸ್ಕ್ರೂ ಹೊಡೆಯುವಾಗ ಚಳಿ ಇರ್ಲಿಲ್ವಾ?

ನಾನು ಸ್ಕ್ರೂ ಬಿಚ್ಚುವ ಯಂತ್ರ ತಂದೆ. ಹಲಗೆ ಎತ್ತಿದರೆ ಎಂಟೂ ಮೂಟೆ ಸಾಲಾಗಿ, ಮನೆಯವರ ಹಾಗೆ ಆರಾಮಾಗಿ ಮಲಗಿದ್ದವು. ಒಂದರಲ್ಲಿ ಇಲಿ ಗೂಡು ಕಟ್ಟಿ ಮರಿ ಹಾಕಿತ್ತು.

ಲವಾನ್: ರಾತ್ರಿ ಏನೋ ಕರಕರ ಅಂತಿದೆ ಅಂದಾಗ ನೀನೇನಂದೆ?

ಡುವೇನ್: ...ಪ್ರಕೃತಿ ಅಂದೆ.

ಲವಾನ್: ಪ್ರಕೃತಿ! ನನ್ನ ಬೆನ್ನ ಕೆಳಗೆ! ಬಾಣಂತನ ಮಾಡ್ಕೊಂಡು!

ಮೂಟೆಗಳನ್ನು ಡುವೇನನೇ ಇಳಿಸಿದ. ನಾನು ಸಹಾಯಕ್ಕೆ ಹೋದೆ, ಲವಾನ್ ಒಂದು ನೋಟ ನೋಡಿದಳು, ಹಿಂದೆ ಸರಿದೆ. ಒಂದೊಂದು ಮೂಟೆ ಕೆಳಗೆ ಬಿದ್ದಾಗಲೂ ಗಾಡಿ ಕೀರ್ ಅಂತ ಒಂದಿಷ್ಟು ಎದ್ದಿತು. ಎಂಟನೆಯದು ಇಳಿಯುವ ಹೊತ್ತಿಗೆ ಹಿಂಭಾಗ ಹೊಸ ಗಾಡಿಯ ಹಾಗೆ ನಿಂತಿತ್ತು. ಅಳೆದೆ. ಮೊದಲಿಗಿಂತ ನಾಲ್ಕು ಇಂಚು ಮೇಲೆ.

ನಾನು: ಆ ಬಂಡೆ ಈಗ ನಿಮ್ಮ ತಂಟೆಗೆ ಬರಲ್ಲ. ದುಡ್ಡೂ ಬೇಡ, ಕಬ್ಬಿಣಾನೂ ಬೇಡ.

ಲವಾನ್: ನಿಜವಾಗ್ಲೂ ದಾಟುತ್ತಾ?

ನಾನು: ನಾಲ್ಕು ಇಂಚು ಕಣಮ್ಮ. ಆರಾಮಾಗಿ.

ಲವಾನಳ ಕಣ್ಣು ಒದ್ದೆಯಾಯಿತು, ತಕ್ಷಣ ಧೂಳು ಅಂತ ಒರೆಸಿಕೊಂಡಳು. ನಾನು ಬೇರೆ ಕಡೆ ನೋಡಿದೆ. ಡುವೇನ್ ಬೆವರು ಸುರಿಸುತ್ತ ಬಂದು ಡ್ರೈವರ್ ಸೀಟಿನಲ್ಲಿ ಕೂತ. ಇನ್ನೇನು ಹೊರಡುತ್ತಾರೆ ಅಂತ ನಾನು ಕೈ ಒರೆಸಿಕೊಂಡೆ. ಅಷ್ಟರಲ್ಲಿ ಕಿಟಕಿಯಿಂದ ತಲೆ ಹೊರಗೆ ಹಾಕಿದ.

ಡುವೇನ್: ಗಾರ್ಥ್, ಈಗ ಮುಂದೆ ತಗ್ಗಾಯ್ತಲ್ಲೋ?

ನಾನು: ಎಲ್ಲ ಪಿಕಪ್ಪೂ ಹಾಗೇ ಇರೋದು ಕಣೋ. ಖಾಲಿ ಇದ್ದಾಗ ಹಿಂದೆ ಸ್ವಲ್ಪ ಎತ್ತರ.

ಡುವೇನ್: ಚೆನ್ನಾಗಿ ಕಾಣಲ್ಲಪ್ಪ. ಮುಂದಿನ ಸ್ಪ್ರಿಂಗ್ ಮೇಲೆ ಒಂದು ಬಿಲ್ಲೆ ಕೊಟ್ಟು ಎತ್ತಿಸಿದ್ರೆ... ಅಗ್ಗದ್ದೇ ಸಿಗುತ್ತಂತೆ, ಆ ಎಪ್ಪತ್ತೇಳು...

ಲವಾನ್: ಗಾರ್ಥ್, ಅವನ ಕಡೆ ಬಾಗಿಲು ತೆಗಿ.

ಡುವೇನ್: ಯಾಕೆ?

ಲವಾನ್: ಮುಂದೆ ಎತ್ತರ ಆಗ್ಬೇಕಂದ್ಯಲ್ಲ. ಇನ್ನೂರೈವತ್ತು ಪೌಂಡು ಇಳಿದ್ರೆ ತಾನಾಗೇ ಏಳುತ್ತೆ. ಇಳಿ. ನಾನು ಓಡಿಸ್ತೀನಿ.

ಡುವೇನ್: ನಾನೇನು ಹಿಂದೆ ಕೂರ್ಲಾ? ಹಿಂದೆ ಮತ್ತೆ ಬಗ್ಗುತ್ತಲ್ಲೇ!

ಲವಾನ್: ಹಾಗಾದ್ರೆ ನಡ್ಕೊಂಡು ಬಾ. ಬಂಡೆ ದಾಟಿ ಆಚೆ ಕಾಯ್ತಿರ್ತೀನಿ.