ಮಂಡಿಯ ಮೇಲೊಂದು ಸುಳ್ಳು ಬ್ಯಾಂಡೇಜು

ಚೈತ್ರಾ, ಮನು, ಮದ್ದೂರಿನಿಂದ ಫೋನು ಮಾಡಿದಾಗಲೆಲ್ಲ ನೀವು "ಅಜ್ಜಿ, ಮಂಡಿ ಹೆಂಗದೆ?" ಎಂದು ಕೇಳುತ್ತಿದ್ದಿರಲ್ಲ, ಆ ಮಂಡಿಗೆ ಏನೂ ಆಗಿರಲಿಲ್ಲ. ಕುರು ಎದ್ದದ್ದು ಬೇರೆ ಕಡೆ. ಎಲ್ಲಿ ಎಂದು ಬಾಯಿಬಿಟ್ಟು ಹೇಳಲು ನಾಚಿಕೆ, ಬರೆಯುವಾಗ ಅಷ್ಟಿಲ್ಲ: ಸರಿಯಾಗಿ ಕೂರುವ ಜಾಗದಲ್ಲಿ. ಕುರು ಏಳಲು ಮೈಮೇಲೆ ಬೇರೆ ಜಾಗವಿರಲಿಲ್ಲವೇ? ಬೆನ್ನಿದೆ, ಭುಜವಿದೆ, ನಾಲ್ಕು ಜನಕ್ಕೆ ತೋರಿಸುವಂಥ ಮುಂಗೈಯಿದೆ. ನಿಮ್ಮ ತಾತ ಇದ್ದಾಗ ಅವರೆದುರಿಗೇ ಕಾಲು ಚಾಚಿ ಕೂತವಳಲ್ಲ ನಾನು. ಅಂಥವಳಿಗೆ ದೇವರು ಹುಡುಕಿ ಆ ಜಾಗದಲ್ಲೇ ಕೊಟ್ಟ.

ಮಂಡ್ಯದ ಡಾಕ್ಟರಮ್ಮ ಕುರು ಕೊಯ್ದು ಕೀವು ತೆಗೆದರು. ನೋವಿನ ಮಾತು ಬಿಡಿ, ಹೆರಿಗೆಯ ಮುಂದೆ ಅದೇನೂ ಅಲ್ಲ. ಕಷ್ಟ ಶುರುವಾದದ್ದು ಆಮೇಲೆ ಅವರು ಹೇಳಿದ ಮಾತಿನಿಂದ. "ಗಾಯ ಒಳಗಿನಿಂದ ತುಂಬ್ಕೊಂಡು ಬರಬೇಕು ಅಜ್ಜಿ. ದಿನಾ ಬಟ್ಟೆ ಬದಲಾಯಿಸಿ. ಹಿಂಡಬೇಡಿ, ಸೊಪ್ಪುಸದೆ ಹಚ್ಚಬೇಡಿ, ಮಾತ್ರೆ ನಡುವೆ ನಿಲ್ಲಿಸಬೇಡಿ. ಮತ್ತೆ ಕೀವು ಕಟ್ಟಿದರೆ ಮತ್ತೆ ಕೊಯ್ಯಬೇಕಾಗುತ್ತೆ."

ಮತ್ತೆ ಆ ಮೇಜಿನ ಮೇಲೆ ಬೋರಲು ಮಲಗುವುದೇ? ಆಗದ ಮಾತು. ನಮ್ಮೂರು ಹೊಳಲಿಗೆ ಬಂದವಳೇ ಬಚ್ಚಲಿನ ಬಾಗಿಲು ಹಾಕಿ, ಕನ್ನಡಿ ಹಿಡಿದು ನಾನೇ ಶುರುಮಾಡಿದೆ. ಕನ್ನಡಿಯಲ್ಲಿ ಎಡ ಬಲವಾಗುತ್ತದೆಂದು ಶಾಲೆಯಲ್ಲಿ ಮೇಷ್ಟ್ರು ಹೇಳಿದ್ದು ಆವತ್ತು ಅರ್ಥವಾಯಿತು. ಗಾಯವಿಲ್ಲದ ಕಡೆ ಬಟ್ಟೆಯನ್ನು ಬಲು ಭದ್ರವಾಗಿ ಅಂಟಿಸಿಕೊಂಡು ಹೊರಗೆ ಬಂದೆ. ಸೀರೆಯ ಮೇಲಿನ ಕಲೆ ನೋಡಿದ ನನ್ನ ಸೊಸೆ, ನಿಮ್ಮ ಶೋಭತ್ತೆ, ಕೈಗೆ ಸೋಪು ಹಾಕಿಕೊಳ್ಳುತ್ತಲೇ ಗದರಿದಳು: "ನಾಚ್ಕೆ ಬುಟ್ಟು ಮನಿಕ್ಕಳಿ ಅತ್ತೆ. ನನ್ ಬಾಣಂತನ ನೀವೇ ಮಾಡ್ಲಿಲ್ವಾ? ಆಗ ನಾನೇನ್ ಮುಚ್ಕಂಡಿದ್ನಾ?" ಹೋಗಿ ಬೋರಲು ಮಲಗಿದೆ.

ಆದರೆ ಊರು ಇದೆಯಲ್ಲ! ಯಾರಿಗಾದರೂ ಕೊಯ್ದರೆಂದರೆ ಹೆಂಗಸರು ಬಂದು ಗಾಯ ನೋಡಿ, ಸುತ್ತ ಒತ್ತಿ, ಔಷಧಿ ಹೇಳದೆ ಹೋಗುವುದಿಲ್ಲ. ಅದಕ್ಕೇ ಮಂಡಿಗೊಂದು ಬ್ಯಾಂಡೇಜು ಸುತ್ತಿಕೊಂಡೆ. ಕೂರಲಾಗದ್ದಕ್ಕೂ ಕಾರಣ ಸಿಕ್ಕಿತು, ಮಂಡಿ ಮಡಚಲಾಗುವುದಿಲ್ಲ ಎಂದು. ಇಷ್ಟು ಬುದ್ಧಿ ನನಗೆ ಎಲ್ಲಿತ್ತೋ ಎಂದು ನಾನೇ ಬೀಗಿದೆ.

ಪಕ್ಕದ ಮನೆಯ ಕೆಂಪಕ್ಕ ಬೆಲ್ಲ ಸುಣ್ಣ ಕಲಸಿಕೊಂಡು ಬಂದಳು.

"ಬಿಚ್ಚಮ್ಮಿ, ನೋಡ್ತೀನಿ."

"ಬ್ಯಾಡ ಕಣಕ್ಕ, ಗಾಳಿ ಸೋಕ್ಬಾರ್ದಂತೆ."

"ಗಾಳಿ ಸೋಕ್ದಂಗೇ ಅಚ್ತೀನಿ ಬುಡು" ಎಂದವಳೇ ಬ್ಯಾಂಡೇಜಿನ ಸಂದಿಯಲ್ಲಿ ಬೆರಳು ತೂರಿಸಿ ಮೆತ್ತಿಯೇಬಿಟ್ಟಳು. ಮೆತ್ತಿ ಹೋದಳೇ? ಇಲ್ಲ. ಎಲೆಅಡಿಕೆ ಹಾಕಿಕೊಂಡು ಕೊತ್ತತ್ತಿ ಊರಿನ ತನ್ನ ಬೀಗರ ಜಗಳವನ್ನೆಲ್ಲ ಹೇಳಿದಳು. ಮಂಡಿ ಚುರುಚುರು ಉರಿಯುತ್ತಿದೆ, ನಾನು ನಿಂತೇ ಹೂಂಗುಡುತ್ತಿದ್ದೇನೆ. ಕೊನೆಗೆ ತಡೆಯಲಾರದೆ ಉರಿಯೆಂದು ಬಾಯಿಬಿಟ್ಟೆ.

"ಉರೀತದಾ? ಅಂಗಾರೆ ಔಸ್ದಿ ಇಡೀತು ಕಣಮ್ಮಿ!"

ಅವಳು ಹೋದ ಮೇಲೆ ತೊಳೆದು ನೋಡಿದರೆ ಮಂಡಿಯ ತುಂಬ ಬೊಬ್ಬೆ.

ಮತ್ತೆ ಡಾಕ್ಟರಮ್ಮನ ಹತ್ತಿರ ಹೋದಾಗ ಇನ್ನೊಮ್ಮೆ ಕೊಯ್ಯುತ್ತಾರೇನೋ ಎಂದುಕೊಂಡೇ ಮೇಜು ಹತ್ತಿದೆ. ಅವರು ಬಟ್ಟೆ ತೆಗೆದು ನೋಡಿ, "ಚೆನ್ನಾಗಿ ಮಾಯ್ತಿದೆ, ಕೊಯ್ಯೋದೇನೂ ಬೇಡ" ಎಂದು ಶೋಭಳ ಬೆನ್ನು ತಟ್ಟಿದರು. ನಾನು ಗೆದ್ದವಳಂತೆ ಮೇಜಿನಿಂದ ಇಳಿಯುತ್ತಿದ್ದೆ. "ಅಜ್ಜಿ, ಮಂಡಿಗೇನಾಯ್ತು?" ಎಂದರು. ಶೋಭ ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಓಡಿದಳು. ಎಲ್ಲವನ್ನೂ ನಾನೇ ಹೇಳಬೇಕಾಯಿತು.

ಈಗ ಮಂಡಿಗೆ ಅಪ್ಪಟ ಬ್ಯಾಂಡೇಜು. ಬಂದವರಿಗೆಲ್ಲ ಧೈರ್ಯವಾಗಿ ತೋರಿಸುತ್ತೇನೆ. ತನ್ನ ಬೆಲ್ಲ ಸುಣ್ಣಕ್ಕೇ ಕುರು ಬತ್ತಿತೆಂದು ಕೆಂಪಕ್ಕ ಊರೆಲ್ಲ ಸಾರುತ್ತಿದ್ದಾಳೆ. ಸಾರಲಿ. ಈ ಹಾಳೆಗಳನ್ನು ಮಾತ್ರ ಜೋಪಾನವಾಗಿಡಿ ಮಕ್ಕಳೇ. ಇಷ್ಟು ಕಷ್ಟಪಟ್ಟು ಸೀರೆಯೊಳಗೆ ಮುಚ್ಚಿಟ್ಟದ್ದನ್ನು ನಾನೇ ಕೈಯಾರೆ, ದುಂಡಗೆ ಬರೆದುಕೊಟ್ಟಿದ್ದೇನೆ.